ನಾಲಗೆಗಿಂತ ಮೊದಲು ನುಡಿಯುವ ಕೈ

ಶಿಶುವಿಗೆ ಮಾತು ಬರುವುದಕ್ಕೂ ಬಹು ಮೊದಲೇ ಮಾತನಾಡಬೇಕೆಂಬ ಬಯಕೆ ಬಂದಿರುತ್ತದೆ. ಎಂಟು ಒಂಬತ್ತು ತಿಂಗಳ ಕೂಸಿಗೆ ತನ್ನ ಹೆಸರು ಗೊತ್ತು, ಅಜ್ಜಿಯ ದನಿ ಗೊತ್ತು, ಹಾಲಿನ ಬಟ್ಟಲು ಯಾವ ಗೂಡಿನಲ್ಲಿದೆ ಎಂಬುದೂ ಗೊತ್ತು. ಆದರೆ ಇದನ್ನು ಹೇಳಲು ಅದಕ್ಕೆ ಸಾಧನವಿಲ್ಲ. ಮಾತನಾಡಬೇಕಾದರೆ ಉಸಿರು, ಕಂಠ, ನಾಲಗೆ, ತುಟಿ, ಅಂಗುಳ ಇವೆಲ್ಲ ಕ್ಷಣಮಾತ್ರದಲ್ಲಿ ಒಂದರೊಡನೊಂದು ಹೊಂದಿಕೊಂಡು ಚಲಿಸಬೇಕು. ಈ ಸೂಕ್ಷ್ಮ ಹೊಂದಾಣಿಕೆ ಸಿದ್ಧಿಸಿ ಮೊದಲ ನುಡಿ ಹೊರಡುವುದು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ. ಎರಡು ಪದಗಳನ್ನು ಕೂಡಿಸಿ ಹೇಳುವುದು ಎರಡನೆಯ ವರ್ಷ ತುಂಬುವ ಹೊತ್ತಿಗೆ. ಕೈ ಅಷ್ಟು ಕಾಯುವುದಿಲ್ಲ. ಹಿಡಿಯುವುದು, ಬೀಸುವುದು, ಚಾಚುವುದು, ತೋರಿಸುವುದು ನಾಲಗೆಯ ಪಳಗುವಿಕೆಗಿಂತ ಮೊದಲೇ ಕೈಗೆ ಒಲಿದಿರುತ್ತವೆ. ಅರಿವು ಬಂದು ಮಾತು ಬಾರದಿರುವ ಈ ಕೆಲವು ತಿಂಗಳುಗಳೇ ಮನೆಯಲ್ಲಿ ಅಳು, ಹಟ, ರಂಪಗಳು ಹೆಚ್ಚಾಗಿರುವ ಕಾಲ.

ಈ ನಡುಗಾಲದ ಕೊರತೆಯನ್ನು ಕೈಸನ್ನೆಗಳಿಂದ ತುಂಬುವ ಪದ್ಧತಿಯೊಂದು ಅಮೆರಿಕದಲ್ಲಿ ಬೆಳೆದು, ಈಗ ನಮ್ಮ ನಗರಗಳ ತರುಣ ದಂಪತಿಗಳವರೆಗೂ ಬಂದಿದೆ. ಮಗಳ ಇಲ್ಲವೆ ಸೊಸೆಯ ಬಾಣಂತನಕ್ಕೆಂದು ಆ ದೇಶಕ್ಕೆ ಹೋಗಿ ಬಂದ ಹಿರಿಯರು ನನ್ನಲ್ಲಿ ಎರಡು ಬಗೆಯ ಪ್ರಶ್ನೆಗಳನ್ನು ಕೇಳುವುದುಂಟು. “ಅಲ್ಲಿಯ ಡೇಕೇರಿನಲ್ಲಿ ಕೂಸಿಗೆ ಮೂಗರಂತೆ ಸನ್ನೆ ಕಲಿಸುತ್ತಾರೆ, ಇದರಿಂದ ಮಾತೇ ತಡವಾದೀತಲ್ಲವೆ?” ಎಂಬುದು ಒಂದು. “ಇದರಿಂದ ಮಗು ಬುದ್ಧಿವಂತವಾಗುತ್ತದಂತೆ, ಇಲ್ಲಿಯ ಮೊಮ್ಮಗುವಿಗೂ ಕಲಿಸಬೇಕೆ?” ಎಂಬುದು ಇನ್ನೊಂದು. ಒಂದು ಅಂಜಿಕೆ, ಇನ್ನೊಂದು ಆಸೆ. ಎರಡಕ್ಕೂ ಆಧಾರ ಸಾಲದು ಎಂಬುದು ನನ್ನ ಅಭಿಪ್ರಾಯ. ಆದರೆ ಇವೆರಡರ ನಡುವೆ ನಾವು ಗಮನಿಸದೆ ಬಿಟ್ಟಿರುವ ಮಹತ್ವದ ವಿಷಯವೊಂದಿದೆ.

ಮೊದಲು ಪದ್ಧತಿಯ ಸ್ವರೂಪವನ್ನು ಹೇಳುವೆ. ಅಮೆರಿಕದ ಕಿವುಡರ ಸಂಜ್ಞಾಭಾಷೆಯಿಂದ ಹತ್ತಿಪ್ಪತ್ತು ಸಂಜ್ಞೆಗಳನ್ನು ಆರಿಸಿಕೊಂಡು, ಆರರಿಂದ ಎಂಟು ತಿಂಗಳ ವಯಸ್ಸಿನಿಂದ ಕೂಸಿನ ಮುಂದೆ ಮಾತಿನೊಡನೆ ಮತ್ತೆ ಮತ್ತೆ ಮಾಡಿ ತೋರಿಸುತ್ತಾರೆ. ಎರಡೂ ಕೈಗಳ ಬೆರಳತುದಿಗಳನ್ನು ಕೂಡಿಸಿ ಒಂದಕ್ಕೊಂದು ತಾಗಿಸಿದರೆ ‘ಇನ್ನೂ ಬೇಕು’. ಕೂಡಿಸಿದ ಬೆರಳುಗಳನ್ನು ಬಾಯಿಗೆ ಒಯ್ದರೆ ‘ಊಟ’. ಬಿಡಿಸಿದ ಅಂಗೈಗಳನ್ನು ಹೊರಳಿಸಿದರೆ ‘ಸಾಕು, ಮುಗಿಯಿತು’. ಮುಷ್ಟಿಯನ್ನು ಬಿಗಿದು ಸಡಿಲಿಸಿದರೆ ‘ಹಾಲು’. ಈ ಕೊನೆಯದು ಆಕಳ ಕೆಚ್ಚಲಿನಿಂದ ಹಾಲು ಕರೆಯುವ ಕೈಯ ಅನುಕರಣೆ! ಹಾಲೆಂದರೆ ಪೊಟ್ಟಣವೆಂದೇ ಬಲ್ಲ ಪೇಟೆಯ ಮಕ್ಕಳಿಗಿಂತ, ಕೊಟ್ಟಿಗೆಯಲ್ಲಿ ಜೀವ ಸವೆಸಿದ ನಮ್ಮ ಅಜ್ಜಿಯರಿಗೇ ಆ ಸಂಜ್ಞೆ ಬೇಗ ಅರ್ಥವಾದೀತು. ಕೂಸು ಇವನ್ನು ಮರಳಿ ಮಾಡತೊಡಗುವುದಕ್ಕೆ ಕೆಲವು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು.

ಇದರ ಮೂಲದಲ್ಲಿ ಎರಡು ಅವಲೋಕನಗಳಿವೆ. ಕಿವುಡ ತಂದೆತಾಯಿಗಳಿಗೆ ಹುಟ್ಟಿದ, ಕಿವಿ ಕೇಳುವ ಮಕ್ಕಳು ಬಾಯಿಮಾತಿಗೆ ಮುನ್ನವೇ ಕೈಯಿಂದ ತಮ್ಮ ಅಗತ್ಯಗಳನ್ನು ತಿಳಿಸುತ್ತಾರೆಂಬುದನ್ನು 1980ರ ದಶಕದಲ್ಲಿ ಜೋಸೆಫ್ ಗಾರ್ಸಿಯಾ ಎಂಬವರು ಗಮನಿಸಿ, ಅದನ್ನು ಇತರ ಕುಟುಂಬಗಳಿಗೂ ಹಬ್ಬಿಸಿದರು. ಅದೇ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಲಿಂಡಾ ಅಕ್ರೆಡೊಲೊ ಅವರು, ವರ್ಷ ತುಂಬಿದ ತಮ್ಮ ಮಗಳು ಹೂವನ್ನು ಕಂಡಾಗಲೆಲ್ಲ ಮೂಸುವ ಹಾಗೆ ಮೂಗು ಸೇದುವುದನ್ನು ಕಂಡರು. ಯಾರೂ ಕಲಿಸದೆಯೇ ಆ ಕೂಸು ‘ಹೂವು’ ಎಂಬುದಕ್ಕೆ ತನ್ನದೇ ಸಂಜ್ಞೆಯನ್ನು ಕಟ್ಟಿಕೊಂಡಿತ್ತು. ಸಹೋದ್ಯೋಗಿ ಸೂಸನ್ ಗುಡ್ವಿನ್ ಅವರೊಡನೆ ಸೇರಿ ಅವರು ನೂರಕ್ಕೂ ಹೆಚ್ಚು ಶಿಶುಗಳನ್ನು ಹನ್ನೊಂದು ತಿಂಗಳ ವಯಸ್ಸಿನಿಂದ ಅಭ್ಯಸಿಸಿ, 2000ದಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸನ್ನೆ ಕಲಿತ ಮಕ್ಕಳ ಮಾತು ತಡವಾಗಲಿಲ್ಲ, ಎರಡನೆಯ ವರ್ಷದ ಸುಮಾರಿಗೆ ತುಸು ಮುಂದಿತ್ತು ಎಂದು ಅದರ ಸಾರ.

ಮುಂದೆ ನಡೆದುದು ವ್ಯಾಪಾರ. ಚಿತ್ರಪಟಗಳು, ಪುಸ್ತಕಗಳು, ತರಗತಿಗಳು, ವಿಡಿಯೊಗಳು ಮಾರುಕಟ್ಟೆಗೆ ಬಂದವು. ಬುದ್ಧಿಮಟ್ಟ ಏರುತ್ತದೆ ಎಂಬ ಭರವಸೆಗಳೂ ಬಂದವು. 2005ರಲ್ಲಿ ಕೆನಡಾದ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿ, ಇಂಥ ಭರವಸೆಗಳಿಗೆ ಸಾಕಷ್ಟು ಪುರಾವೆ ಇಲ್ಲವೆಂದರು. 2013ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದು ನನ್ನ ದೃಷ್ಟಿಯಲ್ಲಿ ಇನ್ನೂ ಮುಖ್ಯವಾದುದು. ಎಲಿಜಬೆತ್ ಕರ್ಕ್ ಮತ್ತು ಸಂಗಡಿಗರು ನಲವತ್ತು ಕೂಸುಗಳನ್ನು ಎಂಟನೆಯ ತಿಂಗಳಿನಿಂದ ಇಪ್ಪತ್ತನೆಯ ತಿಂಗಳವರೆಗೆ ಗಮನಿಸಿದರು. ಸನ್ನೆ ಕಲಿತ ಮಕ್ಕಳಿಗೂ ಕಲಿಯದ ಮಕ್ಕಳಿಗೂ ಭಾಷೆಯ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬದಲಾದವರು ತಾಯಂದಿರು! ಸನ್ನೆ ಕಲಿಸಲು ತೊಡಗಿದ ತಾಯಂದಿರು ಕೂಸಿನ ನೋಟ, ಚಲನೆ, ಮುಖಭಾವಗಳಿಗೆ ಹೆಚ್ಚು ಸೂಕ್ಷ್ಮವಾಗಿ ಸ್ಪಂದಿಸತೊಡಗಿದ್ದರು. ಕೂಸಿಗೆ ಕಲಿಸಹೋಗಿ ತಾವೇ ಕೂಸನ್ನು ಓದಲು ಕಲಿತರು ಎಂದು ನಾನು ಇದನ್ನು ಅರ್ಥೈಸುತ್ತೇನೆ. ಆದ್ದರಿಂದ ಈ ಪದ್ಧತಿಯಲ್ಲಿ ಸತ್ತ್ವವೇನಾದರೂ ಇದ್ದರೆ ಅದು ಹಣ ಕೊಟ್ಟು ತಂದ ಚಿತ್ರಪಟದಲ್ಲಿಲ್ಲ. ನೋಡುವ ಕಣ್ಣಿನಲ್ಲಿ, ಮರುನುಡಿಯುವ ಬಾಯಿಯಲ್ಲಿ ಇದೆ.

ಶಿಶುವಿನ ಸಹಜ ಸನ್ನೆಗಳ ವಿಷಯದಲ್ಲಾದರೋ ಆಧಾರ ಇನ್ನೂ ಗಟ್ಟಿಯಾಗಿದೆ. ಹದಿನಾಲ್ಕು ತಿಂಗಳಲ್ಲಿ ಹೆಚ್ಚು ವಸ್ತುಗಳನ್ನು ಸನ್ನೆಯಿಂದ ಸೂಚಿಸಿದ ಮಕ್ಕಳ ಪದಸಂಪತ್ತು ನಾಲ್ಕೂವರೆ ವರ್ಷದ ಹೊತ್ತಿಗೆ ಹೆಚ್ಚಾಗಿತ್ತೆಂದು ಮೆರಿಡಿತ್ ರೋ ಮತ್ತು ಸೂಸನ್ ಗೋಲ್ಡಿನ್-ಮೆಡೋ 2009ರಲ್ಲಿ ತೋರಿಸಿದರು. ಕೂಸು ಬೆರಳು ತೋರಿದ ವಸ್ತುವಿನ ಹೆಸರನ್ನು ತಾಯಿ ಆ ಕ್ಷಣವೇ ನುಡಿದರೆ, ಆ ಪದ ಕೂಸಿನ ಬಾಯಿಗೆ ಬೇಗ ಬರುತ್ತದೆ ಎಂಬುದೂ ಕಂಡುಬಂದಿದೆ. ಕೂಸಿನ ತೋರುಬೆರಳು ಒಂದು ಪ್ರಶ್ನೆ. ‘ಇದೇನು?’ ಎಂದು ಅದು ಕೇಳುತ್ತಿದೆ. ಪ್ರಶ್ನೆ ಎದ್ದ ಗಳಿಗೆಯಲ್ಲಿ ದೊರೆತ ಉತ್ತರ ಮನಸ್ಸಿನಲ್ಲಿ ನೆಲೆ ನಿಲ್ಲುವುದು ದೊಡ್ಡವರ ವಿಷಯದಲ್ಲಿಯೂ ನಿಜವಷ್ಟೆ.

ನಮ್ಮ ಮನೆಗಳಲ್ಲಿ ಈ ಸಂಜ್ಞೆಗಳಿಗೆ ಎಂದೂ ಬಡತನವಿರಲಿಲ್ಲ. ತೊಡೆಯ ಮೇಲೆ ಕೂರಿಸಿಕೊಂಡು ಚಂದಮಾಮನನ್ನು ಕೈಬೀಸಿ ಕರೆಯುವುದು, ಟಾಟಾ ಮಾಡಿಸುವುದು, ಚಪ್ಪಾಳೆ ತಟ್ಟಿಸುವುದು, ‘ಎಲ್ಲಿ ಮೂಗು, ಎಲ್ಲಿ ಕಿವಿ’ ಎಂದು ಮುಟ್ಟಿಸುವುದು, ‘ಇಲ್ಲ, ಆಯ್ತು’ ಎಂದು ಬರಿಗೈ ಹೊರಳಿಸಿ ತೋರಿಸುವುದು ಇವೆಲ್ಲ ಯಾವ ತರಗತಿಯಲ್ಲಿಯೂ ಕಲಿಸದ ವಿದ್ಯೆ. ಲಿಂಗವಂತರ ಮನೆಗಳಲ್ಲಿ ಇನ್ನೊಂದಿಷ್ಟು ಹೆಚ್ಚಿನ ಸಂಪತ್ತಿದೆ. ಜಂಗಮರು ಬಂದರೆ ಕೂಸಿನ ಪುಟ್ಟ ಕೈಗಳನ್ನು ಜೋಡಿಸಿ ಶರಣು ಮಾಡಿಸುತ್ತೇವೆ. ವಿಭೂತಿಯ ಗಟ್ಟಿಯನ್ನು ಕಂಡೊಡನೆ ತನ್ನ ಹಣೆಯನ್ನು ಮುಟ್ಟಿಕೊಳ್ಳುವ ಹತ್ತು ತಿಂಗಳ ಕೂಸನ್ನು ಎಷ್ಟು ಮನೆಗಳಲ್ಲಿ ಕಂಡಿಲ್ಲ! ಅಜ್ಜಿ ಇಷ್ಟಲಿಂಗವನ್ನು ಎಡಗೈಯಲ್ಲಿರಿಸಿಕೊಂಡು ಪೂಜೆಗೆ ಕುಳಿತಾಗ ಪಕ್ಕದಲ್ಲಿ ಕುಳಿತು ತಾನೂ ಎಡಗೈಯನ್ನು ಬಟ್ಟಲು ಮಾಡಿ, ಅದನ್ನೇ ನೋಡುವ ಕೂಸೂ ಉಂಟು. ಅದು ಬರಿಯ ಅನುಕರಣೆಯಲ್ಲ. ಮರುದಿನ ಅಡುಗೆಮನೆಯಲ್ಲಿ ಅದೇ ಕೂಸು ಅದೇ ರೀತಿ ಎಡಗೈ ಚಾಚಿ ಅಜ್ಜಿಯ ಮುಖ ನೋಡಿದರೆ, ‘ಪೂಜೆಗೆ ಹೊತ್ತಾಯಿತು’ ಎಂದು ಅದು ಹೇಳುತ್ತಿದೆ. ‘ಹೌದವ್ವ, ಪೂಜೆ ಮಾಡೋಣ’ ಎಂದು ಅಜ್ಜಿ ನುಡಿದರೆ ಸಂವಾದ ಪೂರ್ಣವಾಯಿತು.

ಪರದೇಶದ ಸಂಜ್ಞೆಗಳನ್ನು ಕಲಿಸಬಾರದೆಂದು ನಾನು ಹೇಳುತ್ತಿಲ್ಲ. ಅಲ್ಲಿ ನೆಲೆಸಿರುವವರ ಮಕ್ಕಳು ಡೇಕೇರಿನಲ್ಲಿ ಕಲಿತು ಬಂದುದನ್ನು ಅಜ್ಜ ಅಜ್ಜಿಯರೂ ನಾಲ್ಕು ದಿನದಲ್ಲಿ ಕಲಿತುಕೊಳ್ಳುವುದೇ ಲೇಸು. ಇಲ್ಲವಾದರೆ ಕೂಸು ‘ಇನ್ನೂ ಬೇಕು’ ಎಂದು ಬೆರಳು ತಾಗಿಸುತ್ತಿರುವಾಗ ನಾವು ಚಪ್ಪಾಳೆಯೆಂದು ತಿಳಿದು ನಗುತ್ತ ಕೂರುತ್ತೇವೆ. ಸನ್ನೆಯೊಡನೆ ಕನ್ನಡದ ನುಡಿಯನ್ನು ತಪ್ಪದೆ ಸೇರಿಸಬೇಕು, ಅಷ್ಟೆ. ಸನ್ನೆಗೆ ಜಾತಿಯಿಲ್ಲ, ಭಾಷೆಯ ಗಡಿಯೂ ಕಡಿಮೆ.

ನುಡಿಯಲಾರದ ಶಿಶುವಿನ ದೇಹಭಾಷೆಯನ್ನು ಶಾಸ್ತ್ರವಾಗಿ ಬರೆದಿಟ್ಟ ಕೀರ್ತಿ ನಮ್ಮ ಆಯುರ್ವೇದಕ್ಕಿದೆ. ಕೌಮಾರಭೃತ್ಯದ ಪ್ರಧಾನ ಗ್ರಂಥವಾದ ಕಾಶ್ಯಪ ಸಂಹಿತೆಯ ಸೂತ್ರಸ್ಥಾನದಲ್ಲಿ ವೇದನಾಧ್ಯಾಯವೆಂಬ ಒಂದು ಅಧ್ಯಾಯವೇ ಇದೆ. ಮಾತುಬಾರದ ಮಕ್ಕಳ ನೋವನ್ನು ತಿಳಿಯುವುದು ಹೇಗೆಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ. ತಲೆನೋವಿದ್ದರೆ ಕೂಸು ತಲೆಯನ್ನು ಅಲುಗಿಸುತ್ತ ಕಣ್ಣು ಮುಚ್ಚಿಕೊಳ್ಳುತ್ತದೆ. ಕಿವಿಯಲ್ಲಿ ನೋವಿದ್ದರೆ ಕೈಗಳಿಂದ ಕಿವಿಗಳನ್ನು ಮುಟ್ಟಿಕೊಳ್ಳುತ್ತ ತಲೆಯನ್ನು ಹೊರಳಿಸುತ್ತದೆ, ನಿದ್ರಿಸುವುದಿಲ್ಲ. ಹೊಟ್ಟೆನೋವಿದ್ದರೆ ಮೊಲೆಯನ್ನು ಬಿಟ್ಟು ಅಳುತ್ತದೆ, ಹೊಟ್ಟೆ ಬಿಗಿದಿರುತ್ತದೆ, ಮುಖ ಬೆವರುತ್ತದೆ. ಮೂತ್ರಕೃಚ್ಛ್ರವಿದ್ದರೆ ತುಟಿ ಕಚ್ಚಿಕೊಂಡು ಕಿಬ್ಬೊಟ್ಟೆಯನ್ನು ಕೈಯಿಂದ ಮುಟ್ಟಿಕೊಳ್ಳುತ್ತದೆ. ಇಂದಿನ ಮಕ್ಕಳ ವೈದ್ಯರೂ ಕಿವಿ ಎಳೆದುಕೊಳ್ಳುವ, ಜ್ವರವಿರುವ ಕೂಸನ್ನು ಕಂಡರೆ ಕಿವಿಯೊಳಗೆ ಬೆಳಕು ಬಿಟ್ಟು ನೋಡುತ್ತಾರೆ. ನೋಡುವವರಿದ್ದರೆ ಶಿಶು ಎಂದೂ ಮೂಕವಲ್ಲ ಎಂಬ ತಿಳಿವಳಿಕೆ ಆ ಅಧ್ಯಾಯದ ಬೆನ್ನೆಲುಬು.

ಈಗ ಕೊರತೆಯಾಗಿರುವುದು ನೋಡುವವರದು. ಕೂಸು ಬೆರಳು ಚಾಚಿ ತಾಯಿಯ ಮುಖ ನೋಡುತ್ತದೆ. ತಾಯಿಯ ಮುಖ ಫೋನಿನ ಕಡೆಗಿರುತ್ತದೆ. ಎರಡನೆಯ ಸಲ, ಮೂರನೆಯ ಸಲ ನೋಡಿ ಕೂಸು ಕೈ ಇಳಿಸುತ್ತದೆ, ಇಲ್ಲವೆ ಕಿರುಚುತ್ತದೆ. ಕಿರುಚಿದರೆ ಅದರ ಕೈಗೂ ಒಂದು ಫೋನು! ತಾಯಂದಿರನ್ನಷ್ಟೇ ದೂರುವುದು ಅನ್ಯಾಯ. ಅಜ್ಜಂದಿರೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಫೋನು ಎಷ್ಟು ಬಣ್ಣದ ಚಿತ್ರ ತೋರಿಸಿದರೂ ಕೂಸಿನ ಬೆರಳು ಎತ್ತ ತೋರುತ್ತಿದೆ ಎಂಬುದನ್ನು ಅದು ನೋಡದು. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂಬುದಕ್ಕೆ ನನಗೆ ಇದೊಂದೇ ಕಾರಣ ಸಾಕು.

ಇನ್ನು ಸನ್ನೆಯಿಂದ ಮಾತು ಕೆಡುತ್ತದೆಂಬ ಅಂಜಿಕೆ. ಈ ಅಂಜಿಕೆ ಬಹಳ ಹಳೆಯದು, ಮತ್ತು ಬಹಳ ಹಾನಿ ಮಾಡಿದುದು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನವು ಶಾಲೆಗಳಲ್ಲಿ ಸಂಜ್ಞಾಭಾಷೆ ಬೇಡ, ಬಾಯಿಮಾತೊಂದೇ ಸಾಕೆಂದು ನಿರ್ಣಯಿಸಿತು. ಮುಂದೆ ತಲೆಮಾರುಗಳ ಕಾಲ ಅನೇಕ ದೇಶಗಳ ಕಿವುಡ ಮಕ್ಕಳ ಕೈಗಳನ್ನು ಶಾಲೆಗಳಲ್ಲಿ ಕಟ್ಟಿಹಾಕಿದಂತಾಯಿತು. ಆ ನಿರ್ಣಯಕ್ಕಾಗಿ ವಿಷಾದ ವ್ಯಕ್ತವಾದುದು 2010ರಲ್ಲಿ, ಕೆನಡಾದ ವ್ಯಾಂಕೂವರ್ ಸಮ್ಮೇಳನದಲ್ಲಿ. ಕಿವಿ ಕೇಳುವ ಮಕ್ಕಳಿಗೆ ಯಾವ ಸಂಜ್ಞೆಗಳನ್ನು ಹಣ ಕೊಟ್ಟು ಕಲಿಸುತ್ತಿದ್ದಾರೋ ಅವೇ ಸಂಜ್ಞೆಗಳು ಅಗತ್ಯವಾಗಿದ್ದ ಮಕ್ಕಳಿಗೆ ಅವನ್ನು ಬಹುಕಾಲ ನಿರಾಕರಿಸಲಾಗಿತ್ತು. ಇದಕ್ಕಿಂತ ದೊಡ್ಡ ವಿಪರ್ಯಾಸವನ್ನು ನಾನು ಕಾಣೆ. ಕಿವಿ ಕೇಳುವ ಮಗುವಿನ ಮಾತನ್ನು ಸನ್ನೆ ತಡೆಯುತ್ತದೆಂದು ಮೇಲೆ ಹೇಳಿದ ಯಾವ ಅಧ್ಯಯನದಲ್ಲಿಯೂ ಕಂಡುಬಂದಿಲ್ಲ. ಕಿವುಡ ಮಗುವಿಗಾದರೋ ಸನ್ನೆ ಭಾಷೆಯೇ ಆಗಬಲ್ಲುದು. ಸಂಜ್ಞಾಭಾಷೆ ಬಳಸುವ ಮನೆಯಲ್ಲಿ ಬೆಳೆಯುವ ಕಿವುಡ ಶಿಶುಗಳು ಕೈಯಿಂದಲೇ ತೊದಲುತ್ತವೆ ಎಂದು ಲಾರಾ ಪೆಟಿಟೊ ಮತ್ತು ಪೌಲಾ ಮಾರೆಂಟೆಟ್ 1991ರಲ್ಲಿ ತೋರಿಸಿದರು. ಭಾಷೆಯ ಹಸಿವು ಕಿವಿಯಲ್ಲಿಯೇ ಇದೆಯೆಂದು ತಿಳಿಯಬಾರದು. ಅದು ಇನ್ನೂ ಒಳಗಿದೆ.

ಈ ಬರಹದ ಮುಖ್ಯ ಕಳಕಳಿ ಇಲ್ಲಿಂದ ಆರಂಭ. ಸನ್ನೆಯಿಂದ ಕೆಲಸ ನಡೆಸಿಕೊಳ್ಳುವ ಚುರುಕಾದ ಮಗುವಿನಲ್ಲಿ ಕಿವುಡುತನ ಅಡಗಿ ಕೂರಬಲ್ಲುದು. ಸಾವಿರಕ್ಕೆ ಒಂದರಿಂದ ಮೂರು ಶಿಶುಗಳು ಶಾಶ್ವತ ಶ್ರವಣದೋಷದೊಡನೆ ಹುಟ್ಟುತ್ತವೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಿವುಡ ಮಕ್ಕಳ ತಂದೆತಾಯಿಗಳಿಗೆ ಕಿವಿ ಸರಿಯಾಗಿಯೇ ಕೇಳುತ್ತದೆ. ಆದ್ದರಿಂದ ‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ’ ಎಂಬುದು ಸಮಾಧಾನವಾಗಲಾರದು. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ವಾಡಿಕೆ ನಮ್ಮಲ್ಲಿ ಇನ್ನೂ ನಿಂತಿಲ್ಲ. ಇಬ್ಬರಲ್ಲಿಯೂ ಅಡಗಿರುವ ಒಂದೇ ದೋಷ ಕೂಸಿನಲ್ಲಿ ಕೂಡಿಕೊಳ್ಳುವ ಸಂಭವ ಇಂಥ ಮದುವೆಗಳಲ್ಲಿ ಹೆಚ್ಚು. ಹುಟ್ಟುಕಿವುಡಿಗೆ ಇದು ಒಂದು ಮುಖ್ಯ ಕಾರಣವೆಂದು ಹಿರಿಯರು ಬಿಚ್ಚುಮನಸ್ಸಿನಿಂದ ತಿಳಿಯಬೇಕು.

ಕಿವುಡ ಕೂಸೂ ಮೊದಲ ತಿಂಗಳುಗಳಲ್ಲಿ ಕೇಕೆ ಹಾಕುತ್ತದೆ, ನಗುತ್ತದೆ, ‘ಆ, ಊ’ ಎನ್ನುತ್ತದೆ. ಬಾಗಿಲು ಬಡಿದರೆ ನೆಲದ ಕಂಪನಕ್ಕೆ ಬೆಚ್ಚುತ್ತದೆ. ತಾಯಿ ಹತ್ತಿರ ಬಂದರೆ ನೆರಳನ್ನು ಕಂಡು ತಿರುಗುತ್ತದೆ. ಆರು ತಿಂಗಳ ಬಳಿಕ ಅದರ ದನಿಯ ವೈವಿಧ್ಯ ಕುಗ್ಗುತ್ತ ಬರುತ್ತದೆ. ಅದೇ ಕಾಲಕ್ಕೆ ಕಿವಿ ಕೇಳುವ ಕೂಸು ‘ಬಾಬಾ, ಮಾಮಾ’ ಎಂದು ತೊದಲಲಾರಂಭಿಸಿರುತ್ತದೆ. ಈ ವ್ಯತ್ಯಾಸವನ್ನು ಮನೆಯವರು ಗುರುತಿಸುವುದು ಅಪರೂಪ. ಎರಡು ವರ್ಷ, ಮೂರು ವರ್ಷದ ಮಗುವನ್ನು ಕರೆತಂದು ‘ಎಲ್ಲ ತಿಳಿಯುತ್ತದೆ, ಕೈಯಲ್ಲಿ ತೋರಿಸುತ್ತಾನೆ, ಮಾತು ಮಾತ್ರ ಇಲ್ಲ, ಇವರಪ್ಪನೂ ತಡವಾಗಿಯೇ ಮಾತನಾಡಿದ್ದು’ ಎನ್ನುವ ಕುಟುಂಬಗಳನ್ನು ನಾನು ಈಗಲೂ ಕಾಣುತ್ತೇನೆ. ಅಷ್ಟರಲ್ಲಿ ಮನೆಯಲ್ಲಿ ಬಜೆ ತೇಯ್ದು ಜೇನಿನೊಡನೆ ನೆಕ್ಕಿಸಿ ಆಗಿರುತ್ತದೆ, ಕಿವಿಗೆ ಬೆಚ್ಚನೆಯ ಎಣ್ಣೆ ಬಿಟ್ಟಾಗಿರುತ್ತದೆ, ಹರಕೆಯೂ ಹೊತ್ತಾಗಿರುತ್ತದೆ.

ಆಯುರ್ವೇದದವನಾಗಿಯೇ ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ವಚಾ ದ್ರವ್ಯಕ್ಕೆ ಶಾಸ್ತ್ರದಲ್ಲಿ ಮೇಧ್ಯವೆಂಬ ಗೌರವವಿದೆ. ಆದರೆ ಕೇಳದ ಕಿವಿಯನ್ನು ಅದು ಕೇಳಿಸಲಾರದು, ಕೇಳದ ನುಡಿಯನ್ನು ನಾಲಗೆ ಕಲಿಯಲಾರದು. ವೈದ್ಯರ ನಿರ್ದೇಶನವಿಲ್ಲದೆ ಅದನ್ನು ಕೂಸಿಗೆ ತೇಯ್ದು ಕೊಡುವುದು ಸಲ್ಲದು. ಒಂದು ವರ್ಷ ತುಂಬದ ಶಿಶುವಿಗೆ ಜೇನನ್ನಂತೂ ಯಾವ ಅನುಪಾನವಾಗಿಯೂ ಕೊಡಬಾರದು. ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಗಳು ಎಳೆಯ ಕರುಳಿನಲ್ಲಿ ವಿಷವನ್ನುಂಟುಮಾಡಿ ಪ್ರಾಣಾಪಾಯ ತರಬಲ್ಲವು. ಶಿಶುವಿನ ಕಿವಿಗೆ ಮನೆಯಲ್ಲಿ ಎಣ್ಣೆ ಹೊಯ್ಯುವುದನ್ನೂ ನಿಲ್ಲಿಸಬೇಕು. ಹರಕೆ ಹೊರುವವರು ಹೊರಲಿ, ಆದರೆ ಅದೇ ವಾರ ಪರೀಕ್ಷೆಯೂ ಆಗಲಿ.

ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ಪರೀಕ್ಷೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಪರಿಹಾರದ ಆರಂಭ: ಜಗತ್ತಿನಾದ್ಯಂತ ವೈದ್ಯರು ಒಪ್ಪಿರುವ ಗುರಿ ಇದು. ಆ ಪರೀಕ್ಷೆ ತಪ್ಪಿಹೋಗಿದ್ದರೆ ಮನೆಯವರು ಗಮನಿಸಬೇಕಾದದ್ದು ಇಷ್ಟು. ಆರು ತಿಂಗಳಾದರೂ ಕಾಣದ ಕಡೆಯಿಂದ ಬಂದ ದನಿಯತ್ತ ತಿರುಗದಿದ್ದರೆ, ವರ್ಷವಾದರೂ ತೊದಲುನುಡಿಯಾಗಲಿ ಬೆರಳು ತೋರುವುದಾಗಲಿ ಇಲ್ಲದಿದ್ದರೆ, ಹದಿನಾರು ತಿಂಗಳಾದರೂ ಒಂದೂ ಪದ ಬರದಿದ್ದರೆ, ಬಂದ ಮಾತು ಯಾವ ವಯಸ್ಸಿನಲ್ಲಾದರೂ ನಿಂತುಹೋದರೆ, ಒಂದು ದಿನವನ್ನೂ ಕಳೆಯಬಾರದು. ಬೆರಳು ತೋರದ, ಮುಖ ನೋಡದ ಮಗುವಿಗೆ ಕಿವಿ ಸರಿಯಿದ್ದರೂ ಬೆಳವಣಿಗೆಯ ತಜ್ಞರ ತಪಾಸಣೆ ಬೇಕು. ಆಟಿಸಂನ ಮೊದಲ ಸೂಚನೆಗಳಲ್ಲಿ ಅದೂ ಒಂದು. ಕೈಯ ಮೌನವೂ ರೋಗಲಕ್ಷಣವಾಗಬಲ್ಲುದು.

ಈ ವಿಷಯದಲ್ಲಿ ಕನ್ನಡಿಗರು ಭಾಗ್ಯವಂತರು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಸೇವೆಯಲ್ಲಿದೆ. ಜಿಲ್ಲಾ ಆಸ್ಪತ್ರೆಗಳಿಗೂ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳನ್ನು ಕಳುಹಿಸುವ ವ್ಯವಸ್ಥೆ ಇದೆ. ಶ್ರವಣಯಂತ್ರ ಸಾಲದ ಎಳೆಯ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಅರ್ಹ ಕುಟುಂಬಗಳು ಕೇಂದ್ರದ ಅಡಿಪ್ ಯೋಜನೆಯ ನೆರವು ಪಡೆಯಬಹುದು. ವಯಸ್ಸು ಮೀರಿದಷ್ಟೂ ಅದರ ಫಲ ಕಡಿಮೆ. ಯಂತ್ರ ಬಂದರೂ ಬಾರದಿದ್ದರೂ ಅಲ್ಲಿಯವರೆಗೆ ಕೂಸಿನೊಡನೆ ಕೈಯಿಂದ ಮಾತನಾಡುವುದನ್ನು ನಿಲ್ಲಿಸಬಾರದು. ಭಾರತೀಯ ಸಂಜ್ಞಾಭಾಷೆಗೆ 2015ರಿಂದ ದೆಹಲಿಯಲ್ಲಿ ಒಂದು ರಾಷ್ಟ್ರೀಯ ಸಂಶೋಧನ ಕೇಂದ್ರವಿದ್ದು, 2021ರಲ್ಲಿ ಅದರ ನಿಘಂಟು ಹತ್ತು ಸಾವಿರ ಪದಗಳಿಗೆ ಬೆಳೆಯಿತು. ತಾಯಿ ತಂದೆ ಮಾತ್ರವಲ್ಲ, ಮನೆಯ ಎಲ್ಲರೂ ಕಲಿತರೆ ಮಗುವಿಗೆ ಮನೆಯಲ್ಲಿ ಏಕಾಂತವಾಸವಿಲ್ಲ.

ಜಾತ್ರೆಯ ಸಂದರ್ಭದಲ್ಲಿ ನಮ್ಮ ಮಠಗಳಲ್ಲಿ ಆರೋಗ್ಯ ಶಿಬಿರಗಳು ತಪ್ಪದೆ ನಡೆಯುತ್ತವೆ. ರಕ್ತದೊತ್ತಡ, ಸಕ್ಕರೆ, ಕಣ್ಣು, ಹಲ್ಲು ಎಲ್ಲವನ್ನೂ ನೋಡುತ್ತಾರೆ; ಬರುವವರಲ್ಲಿ ಬಹುಪಾಲು ನನ್ನ ವಯಸ್ಸಿನವರು. ಅದೇ ಚಪ್ಪರದ ಒಂದು ಮೂಲೆಯಲ್ಲಿ, ಗದ್ದಲದಿಂದ ದೂರವಾದ ಒಂದು ಕೋಣೆಯಲ್ಲಿ, ವರ್ಷದೊಳಗಿನ ಕೂಸುಗಳ ಶ್ರವಣ ತಪಾಸಣೆಗೂ ಎಡೆ ಮಾಡಿಕೊಡಬೇಕೆಂದು ಶ್ರೀಮಠದ ಭಕ್ತರಲ್ಲಿ ನನ್ನ ಕೋರಿಕೆ. ಓಎಇ ಎಂಬ ಉಪಕರಣ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಹಾಲುಂಡು ಮಲಗಿದ ಕೂಸಿನ ಕಿವಿಗೆ ಮೆತ್ತನೆಯ ತುದಿಯನ್ನಿಟ್ಟರೆ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ, ನೋವಿಲ್ಲ. ಮೊದಲ ಸಲ ಉತ್ತೀರ್ಣವಾಗದ ಕೂಸುಗಳೆಲ್ಲ ಕಿವುಡರಲ್ಲ. ಕಿವಿಯಲ್ಲಿ ದ್ರವವೋ ಕೊಳೆಯೋ ಇದ್ದರೂ ಹಾಗಾಗುತ್ತದೆ. ಅಂಥವರಿಗೆ ಕೆಲವು ವಾರಗಳಲ್ಲಿ ಮರುಪರೀಕ್ಷೆ, ಬೇಕಾದರೆ ಬೆರಾ ಪರೀಕ್ಷೆ ಆಗಬೇಕು. ಈ ಎರಡನೆಯ ಹೆಜ್ಜೆಯಲ್ಲಿಯೇ ಅನೇಕ ಕುಟುಂಬಗಳು ತಪ್ಪಿಸಿಕೊಳ್ಳುತ್ತವೆ. ಆದ್ದರಿಂದ ಅಕ್ಕನ ಬಳಗದವರು ಆ ಕೂಸುಗಳ ಹೆಸರನ್ನು ಬರೆದಿಟ್ಟುಕೊಂಡು, ಮುಂದಿನ ಅಮಾವಾಸ್ಯೆಗೆ ತಾಯಂದಿರು ಮಠಕ್ಕೆ ಬಂದಾಗ ಮರುಪರೀಕ್ಷೆ ಆಯಿತೇ ಎಂದು ಕೇಳಿ ಗುರುತು ಹಾಕಿಕೊಳ್ಳುವ ಹೊಣೆ ಹೊತ್ತರೆ ಶಿಬಿರ ಸಾರ್ಥಕವಾಗುತ್ತದೆ.